ಕಸಿ ಅಂಗಿ ತೊಟ್ಟು ಬಂದ ವರ

ನನಗೆ ಗಂಡು ನೋಡುತ್ತಿದ್ದ ಬೇಸಿಗೆಯಲ್ಲೇ ಗದಗಿನ ಹುಡುಗರಿಗೆಲ್ಲ ಕಸಿ ಅಂಗಿಯ ಹುಚ್ಚು ಹಿಡಿದಿತ್ತು. ಕಸಿ ಅಂಗಿ ಎಂದರೆ ಗುಂಡಿ ಇಲ್ಲದ್ದು. ಒಳಗೊಂದು ಜೋಡಿ, ಹೊರಗೊಂದು ಜೋಡಿ ಕಸಿ, ಅಂದರೆ ಬಟ್ಟೆಯ ಲಾಡಿ, ಇರುತ್ತವೆ, ಎದೆಯ ಮೇಲೆ ಒಂದು ಮಗ್ಗುಲಿಗೆ ಕಟ್ಟಿಕೊಳ್ಳಬೇಕು. ಅಜ್ಜಂದಿರ ಕಾಲದ್ದು ಅದು. ಅವರ ಮಕ್ಕಳು ಅದನ್ನು ಬಿಟ್ಟು, ಗುಂಡಿ ಅಂಗಿಯ ಮೇಲೆ ಕೋಟು ಏರಿಸಿ, ಬಿಸಿಲಿನಲ್ಲಿ ಬೆವತು ನೀರಾಗುತ್ತಿದ್ದರು. ಬುದ್ಧಿ ಬಂದದ್ದು ಮೊಮ್ಮಕ್ಕಳಿಗೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು, ಕೈಮಗ್ಗದ ಬಟ್ಟೆ ಎಂದರೆ ಎಲ್ಲರಿಗೂ ಅಭಿಮಾನ. ಬೆಟಗೇರಿ ಮಗ್ಗದ ತೆಳು ನೀಲಿ ಪಟ್ಟಿಯ ಬಟ್ಟೆ, ಕಸಿ ಮಾತ್ರ ಕೆಂಪು, ತೋಳು ಮೊಣಕೈವರೆಗೆ ಮಡಚಿದ್ದು, ಕೆಳಗೆ ಬಿಳಿ ಪಾಯಜಾಮ. ಅದಕ್ಕೆ ಟೊಪ್ಪಿಗೆ ಹಾಕಿದರೆ ಎಲ್ಲ ಕೆಟ್ಟಂತೆ. ಕೂದಲು ಗಾಳಿಗೆ ಹಾರಬೇಕು! ಈ ಶಾಸ್ತ್ರವೆಲ್ಲ ನನಗೆ ಬಾಯಿಪಾಠ. ಗದಗಿನ ಸೋದರಮಾವನ ಮನೆಗೆ ಹೋದಾಗಲೆಲ್ಲ ಸಂಜೆ ಕಟ್ಟೆಯ ಮೇಲೆ ಕೂತು ಇದೊಂದನ್ನೇ ಮನಸ್ಸಿಟ್ಟು ಕಲಿತಿದ್ದೆ.

"ಅತ್ತಿ, ನನ್ನ ನೋಡಾಕ ಬರೋ ಹುಡುಗ ಕೋಟು ಹಾಕ್ಕೊಂಡ ಬಂದ್ರ ನಾ ಹೊರಗ ಬರೂದಿಲ್ಲ ನೋಡು. ಕಸಿ ಅಂಗ್ಯಾಗ ಬರ್ಲಿ," ಎಂದು ಮಾವನ ಹೆಂಡತಿಗೆ ಚೇಷ್ಟೆಗೆ ಹೇಳಿದೆ. ಅತ್ತೆಯ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಮಾವನ ಶಾಲೆಯ ಹೊಸ ಮಾಸ್ತರನೇ ನನ್ನನ್ನು ನೋಡಲು ಬರುವವನಿದ್ದ. ಅವನಿಗೆ ಹೇಳಿಯೇಬಿಟ್ಟಳು.

ಲಕ್ಷ್ಮೇಶ್ವರದ ನಮ್ಮ ಪಡಸಾಲೆಗೆ ಮಾವನ ಜೊತೆ ಅವನು ಬಂದಾಗ ಬಾಗಿಲ ಸಂದಿಯಿಂದ ನೋಡಿದೆ. ನೀಲಿ ಪಟ್ಟಿ! ಕೆಂಪು ಕಸಿ! ನನ್ನ ಸಲುವಾಗಿ ತೊಟ್ಟು ಬಂದಿದ್ದಾನೆ! ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆಯಾದರೆ ಇವನನ್ನೇ ಎಂದು ಅಲ್ಲೇ ನಿಶ್ಚಯ ಮಾಡಿಕೊಂಡೆ.

ಆದರೆ ಮನೆಯಲ್ಲಿ ನಡೆಯುತ್ತಿದ್ದದ್ದು ಅಜ್ಜನ ಮಾತು. ಕಾಳಿನ ವ್ಯಾಪಾರದ ನಮ್ಮಜ್ಜ ಜೀವಮಾನವಿಡೀ ಕಸಿ ಅಂಗಿಯನ್ನೇ ತೊಟ್ಟವನು. ಅವನದು ಬಿಳಿ ಮಂಜರಪಾಟು ಬಟ್ಟೆಯದು, ಜೊತೆಗೆ ಧೋತರ, ರುಮಾಲು. ಅಪ್ಪ, ಕಾಕಂದಿರು ಆ ಅಂಗಿಯನ್ನು ನೋಡಿ ನಕ್ಕು ನಕ್ಕು ಅವನನ್ನು ರೇಗಿಸಿಟ್ಟಿದ್ದರು. ಈಗ ಅಜ್ಜ ಹುಡುಗನ ಅಂಗಿಯನ್ನು ನೋಡಿದ, ತನ್ನ ಅಂಗಿಯನ್ನು ನೋಡಿಕೊಂಡ, ಮಾವನ ಕಡೆ ತಿರುಗಿದ.

"ಕೋಟಿಲ್ಲ, ಟೊಪ್ಪಿಗಿ ಇಲ್ಲ. ನನ್ನ ಅಣಕ ಮಾಡಾಕ ಕರಕೊಂಡ ಬಂದೀರೇನ ಇವರನ್ನ?"

ಮಾವ ಗಾಬರಿಯಾಗಿ ಏಕೀಕರಣದ ಸುದ್ದಿ ತೆಗೆದ. "ಕನ್ನಡದವರೆಲ್ಲಾ ಜಲ್ದಿ ಒಂದ ರಾಜ್ಯಾ ಆಕ್ಕಾರಂತ್ರಿ."

"ಆಗ್ಲಿ. ಮೊದಲ ಈ ಮನಿ ಮಾತು ಮುಗೀಲಿ," ಎಂದ ಅಜ್ಜ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನನಗೆ ಅಳುವೇ ಬಂತು. ಅಷ್ಟರಲ್ಲಿ ಅವ್ವ ಅವಲಕ್ಕಿಯ ತಾಟು ಕೈಗಿತ್ತು ಹೊರಗೆ ನೂಕಿದಳು. ಹುಡುಗ ಅಜ್ಜನ ಸಿಟ್ಟು ಇಳಿಸಲೆಂದೋ ಏನೋ, ಎದ್ದು ಬಂದು ಕಾಲಿಗೆ ಬಗ್ಗಿದ. ಒಳಗಿನ ಕಸಿಯನ್ನು ಹೊರಗಿನದಕ್ಕೆ ಕಟ್ಟಿಕೊಂಡಿದ್ದ ಮಹಾರಾಯ! ಬಗ್ಗಿದ್ದೇ ತಡ ಗಂಟು ಬಿಚ್ಚಿ ಅಂಗಿ ಬಾಗಿಲಿನಂತೆ ತೆರೆದುಕೊಂಡಿತು. ಒಳಗೆ ಬನಿಯನ್ನೂ ಇರಲಿಲ್ಲ. ನಾನು ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟೆ. ಅವ್ವ ನನ್ನ ರಟ್ಟೆ ಚಿವುಟಿದಳು.

ಹುಡುಗ ಎರಡೂ ಕೈಯಲ್ಲಿ ಅಂಗಿ ಹಿಡಿದುಕೊಂಡು, ಕಿವಿಯವರೆಗೂ ಕೆಂಪಾಗಿ ನಿಂತಿದ್ದ. "ಅಜ್ಜಾರ, ಅಣಕ ಅಲ್ರಿ. ಇವತ್ತ ಮೊದಲನೇ ಸಲ ಹಾಕ್ಕೊಂಡೇನ್ರಿ. ಖರೆ ಹೇಳ್ತೇನಿ, ಕಟ್ಟಾಕ ಬರೂದಿಲ್ರಿ. ನೀವ ಕಲಿಸಿಕೊಡ್ರಿ."

ಮನೆಯಲ್ಲಿ ಅಜ್ಜನ ಅಂಗಿಯ ಬಗ್ಗೆ ಯಾರೂ ಹಾಗೆ ಕೇಳಿದ್ದೇ ಇಲ್ಲ. ಅವನು ಗೋಡೆ ಹಿಡಿದು ಎದ್ದ. "ಬಾ ತಮ್ಮಾ, ಇಲ್ಲೆ ಬೆಳಕಿಗೆ ನಿಂದ್ರು," ಎಂದು ಅವನ ಕೈ ಸರಿಸಿ ಕಸಿ ಹಿಡಿದ. "ಮೊದಲ ಒಳಗಿಂದು, ಆಮ್ಯಾಲ ಹೊರಗಿಂದು. ಎಳದ್ರ ಬಿಚ್ಚಬೇಕು, ಬಗ್ಗಿದ್ರ ಬಿಚ್ಚಬಾರದು. ತಿಳೀತೇನ? ಪಟ್ಟಿ ಚಲೋ ಐತಿ. ಎಷ್ಟ ಗಜಾ ಹತ್ತಿತು?" ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಅಜ್ಜನ ಮೀಸೆಯ ಕೆಳಗೆ ನಗು ಇಣುಕುತ್ತಿತ್ತು. ಅವಲಕ್ಕಿ ಆರಿಹೋಗುತ್ತಿತ್ತು, ಯಾರಿಗೆ ಬೇಕು ಅವಲಕ್ಕಿ!

ಕೊನೆಯ ಗಂಟು ಬಿಗಿದು ಅಜ್ಜ ನನ್ನ ಕಡೆ ತಿರುಗಿದ. "ನೋಡಿಕೊಂಡಿಯೇನವಾ? ಇನ್ನ ಮ್ಯಾಲೆ ಇದು ನಿನ್ನ ಕೆಲಸ."

ಗಂಟನ್ನು ನಾನೆಲ್ಲಿ ನೋಡಿದ್ದೆ! ಅಷ್ಟು ಹೊತ್ತೂ ಅವನ ಮುಖ ನೋಡುತ್ತಿದ್ದೆ. ಆದರೂ, "ಹೂಂ ಅಜ್ಜಾ, ನೋಡಿಕೊಂಡೆ," ಎಂದೆ.