ಬೀಗರಿಬ್ಬರ ಜೋಡಿ ಎಂಜಿನ್ನು

ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಊರವರ ಕಣ್ಣಿನ ನಂಬರೆಲ್ಲ ಅವರಿಗೆ ಬಾಯಿಪಾಠ. ಎದುರಿಗೆ ಬಂದವರ ಹೆಸರು ನೆನಪಾಗದಿದ್ದರೂ "ಎಡಗಣ್ಣು ಎರಡೂವರೆ, ಬಲಗಣ್ಣು ಎರಡು" ಅಂತ ನನ್ನ ಕಿವಿಯಲ್ಲಿ ಉಸುರುತ್ತಾರೆ. ನನ್ನ ಹುಟ್ಟಿದ ದಿನ ಯಾವಾಗ ಅಂತ ಕೇಳಿ ನೋಡಿ, ಗೋಡೆ ನೋಡುತ್ತಾರೆ. ಊಟಕ್ಕೆ ಕೂತಾಗಲೂ ಜೇಬಿನಲ್ಲಿ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಇರಲೇಬೇಕು. ತಟ್ಟೆಯಲ್ಲಿ ಏನಾದರೂ ಬಿಚ್ಚೋದಿದೆಯಾ ಅಂತ ಎಷ್ಟೋ ಸಲ ಕೇಳಿದ್ದೇನೆ.

ಇಂಥ ಮನುಷ್ಯ ಭಾನುವಾರ ಬಂತೆಂದರೆ ಸ್ಟೇಷನ್ ಮಾಸ್ಟರ್! ಅಂಗಡಿಯ ಮೇಲೇ ನಮ್ಮ ಮನೆ. ಮಗಳ ಮದುವೆಯಾಗಿ ಅವಳ ಕೋಣೆ ಖಾಲಿಯಾಗಿದ್ದೇ ತಡ, ಮಂಚ ಹೊರಗೆ, ಪ್ಲೈವುಡ್ ಒಳಗೆ. ನಾನಿನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದೆ, ಇವರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಈಗ ಅಲ್ಲಿ ಸೊಂಟದೆತ್ತರದ ಮೇಜು, ಮೇಜಿನ ತುಂಬ ಹಳಿ. ಕಿಟಕಿ ಪಕ್ಕದಲ್ಲಿ ಹಳಿ ಏರುತ್ತಾ ಹೋಗಿ, ರಟ್ಟಿನ ಗುಡ್ಡ ಸುತ್ತಿ ಇಳಿಯುತ್ತದೆ. ಎಂಜಿನ್ನು ನನ್ನ ಅಂಗೈಗಿಂತ ಸ್ವಲ್ಪ ಉದ್ದ. ಅದನ್ನು ಆಟಿಕೆ ಅಂದುಬಿಟ್ಟರೆ ಸಂಜೆಯವರೆಗೆ ಮುಖ ಗಂಟು. ಮಾದರಿ ಅನ್ನಬೇಕಂತೆ.

ಇವರಿಗೆ ತಕ್ಕ ಜೊತೆ ನಮ್ಮ ಬೀಗರು, ಅಳಿಯನ ಅಪ್ಪ. ಶಾಲೆ ಬಸ್ಸು ಓಡಿಸಿ ನಿವೃತ್ತರಾದವರು. ಒಂದು ದಿನವೂ ಗಕ್ಕನೆ ಬ್ರೇಕ್ ಹಾಕಿದವರಲ್ಲವಂತೆ. ಮಾತೂ ಹಾಗೇ. ಅವರ ಒಂದು ವಾಕ್ಯ ಹೊರಟು ನಮ್ಮ ಕಿವಿ ಮುಟ್ಟುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿರುತ್ತದೆ. ಹೋದ ವರ್ಷ ಬೀಗಿತ್ತಿ ತೀರಿಕೊಂಡ ಮೇಲಂತೂ ಆ ಮಾತೂ ಕಡಿಮೆಯಾಯಿತು. ಭಾನುವಾರ ಮಾತ್ರ ತಮ್ಮ ಹಳೇ ಹಸಿರು ಎಂಜಿನ್ನನ್ನು ಬೀಗಿತ್ತಿಯ ಕರವಸ್ತ್ರದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಮಧ್ಯಾಹ್ನ ಊಟ ಮಾಡಿ, ಎಂಜಿನ್ನನ್ನು ಮತ್ತೆ ಹಾಗೇ ಸುತ್ತಿಕೊಂಡು ಹೊರಡುತ್ತಿದ್ದರು. ಒಂದು ದಿನಕ್ಕೂ ಇಲ್ಲಿ ಬಿಟ್ಟು ಹೋದವರಲ್ಲ.

ಎಲ್ಲ ಸರಿಯಾಗೇ ಇತ್ತು, ಇವರ ತಲೆಗೆ ಆ ಉದ್ದ ರೈಲಿನ ಹುಚ್ಚು ಹತ್ತುವವರೆಗೆ. ಇದ್ದಬದ್ದ ಡಬ್ಬಿಗಳನ್ನೆಲ್ಲ ಒಟ್ಟಿಗೆ ಸೇರಿಸಿ ಏರು ಹತ್ತಿಸಬೇಕು. ಒಂದು ಎಂಜಿನ್ನಿಗೆ ಅಷ್ಟು ಭಾರ ಆಗದು. ಸರಿ, ಇವರ ಹೊಸ ಕೆಂಪು ಎಂಜಿನ್ನು, ಬೀಗರ ಹಸಿರು ಎಂಜಿನ್ನು, ಎರಡನ್ನೂ ಜೋಡಿ ಕಟ್ಟೋಣ ಅಂದರು.

ಶುರುವಾಯಿತು ನೋಡಿ ಉಪಚಾರ. "ಬೀಗ್ರೇ, ನಿಮ್ದು ಮುಂದಿರ್ಲಿ" ಅಂತ ಇವರು. "ಛೆ ಛೆ, ಮನೆ ನಿಮ್ದು, ನಿಮ್ದೇ ಮುಂದಿರ್ಲಿ" ಅಂತ ಅವರು. "ಗಂಡಿನ ಕಡೆಯವ್ರು ನೀವು, ನಿಮ್ಮನ್ನ ಹಿಂದೆ ಹಾಕೋಕಾಗುತ್ತಾ?" "ಹೆಣ್ಣು ಕೊಟ್ಟವ್ರು ನೀವು, ನೀವೇ ದೊಡ್ಡವ್ರು." ನಾನು ಸಾರಿಗೆ ಉಪ್ಪು ಹಾಕಿ, ರುಚಿ ನೋಡಿ, ಮತ್ತೆ ಹಾಕಿ ಬಂದರೂ ಎಂಜಿನ್ನು ಹಳಿ ಮೇಲೆ ಕೂತಿರಲಿಲ್ಲ. ಕೊನೆಗೆ ಗಂಡಿನ ಕಡೆಯದೇ ಮುಂದೆ ಹೋಯಿತು.

ರೈಲು ಹೊರಟಿತು. ಏರು ಬಂತು. ಹಿಂದಿದ್ದ ಕೆಂಪು ಮುಂದಿದ್ದ ಹಸಿರನ್ನು ದಬ್ಬಿತು, ತಿರುವಿನಲ್ಲಿ ಎರಡೂ ಹಳಿ ಬಿಟ್ಟು ರಟ್ಟಿನ ಗುಡ್ಡದ ಮೇಲೆ ಅಡ್ಡ ಬಿದ್ದವು.

ಕಾರಣ ಏನಂತ ನನಗೂ ಗೊತ್ತು. ತರಕಾರಿ ಹೆಚ್ಚುವಾಗ ಬಂದು ಎದುರಿಗೆ ನಿಂತು ಪಾಠ ಮಾಡುತ್ತಾರೆ, ಕೈಲಿ ಚಾಕು ಇಟ್ಟುಕೊಂಡು ಎಲ್ಲಿಗೆ ಓಡಲಿ? ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಡಿಕೋಡರ್ ಅಂತ ಉಗುರಿನಷ್ಟು ಚಿಪ್ ಇರುತ್ತದೆ. ಕೈಯಲ್ಲಿರುವ ಕಂಟ್ರೋಲರ್ ಹೇಳಿದ್ದು ಹಳಿಯಲ್ಲಿ ಬಂದು ಅದಕ್ಕೆ ಕೇಳಿಸುತ್ತದೆ, ಅದು ಮೋಟಾರನ್ನು ಓಡಿಸುತ್ತದೆ. ಆದರೆ ಒಂದೊಂದು ಡಿಕೋಡರಿಗೆ ಒಂದೊಂದು ಬುದ್ಧಿ. ಹೊರಡು ಅಂದರೆ ಇವರ ಕೆಂಪು "ಹೊರಟೆ!" ಅಂತ ನೆಗೆಯುತ್ತದೆ, ಬೀಗರ ಹಸಿರು "ಏನಂದ್ರಿ?" ಅಂತ ಯೋಚನೆ ಮಾಡಿ ಹೊರಡುತ್ತದೆ. ಸಾಲದ್ದಕ್ಕೆ, ಏರು ಸಿಕ್ಕಿದರೆ ತಾನೇ ಬಲ ಹೆಚ್ಚಿಸಿಕೊಳ್ಳುವ ಗುಣ ಕೆಂಪಿಗಿದೆ, ಹಸಿರಿಗಿಲ್ಲ. ಅದು ಪಾಪ ಏದುಸಿರು ಬಿಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗೆ. ಎರಡರ ಬುದ್ಧಿಯನ್ನೂ ನಂಬರ್ ಬದಲಾಯಿಸಿ ತಿದ್ದಬಹುದು. ಜೋರಾಗಿ ಓಡುವುದನ್ನು ಮೆಲ್ಲಗೆ ಹೋಗುವುದಕ್ಕೆ ಹೊಂದಿಸಬೇಕು, ಅದು ಲೆಕ್ಕ. ಇವರಿಗೂ ಗೊತ್ತಿತ್ತು. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ತಮ್ಮ ಹೊಸ ಕೆಂಪಿನ ಓಟ ತಗ್ಗಿಸೋದಾ? ಉಂಟೇ?

ಬೀಗರು ಕೈ ತೊಳೆಯಲು ಹೋದರು. ಇವರು ಕಂಟ್ರೋಲರ್ ಎತ್ತಿಕೊಂಡು ಹಸಿರಿನ ನಂಬರನ್ನೇ ಬದಲಾಯಿಸಿಬಿಟ್ಟರು. "ನಿಮ್ಮ ಎಂಜಿನ್ ನಿಧಾನ" ಅಂತ ಬೀಗರ ಮುಖಕ್ಕೆ ಹೇಳುವುದು ಮರ್ಯಾದೆಯಲ್ಲವಂತೆ. ಹೇಳದೆ ಕೇಳದೆ ಅದರ ಹೊಟ್ಟೆಗೆ ಕೈ ಹಾಕುವುದು ಮಹಾ ಮರ್ಯಾದೆ!

ಬೀಗರು ಬಂದರು. ಹಸಿರು ಗಕ್ಕನೆ ನೆಗೆದು ಹೊರಟಿತು. ಬೀಗರು ಅದನ್ನು ಹಿಡಿದು ನಿಲ್ಲಿಸಿದರು.

"ಇದಕ್ಕೇನು ಮಾಡಿದ್ರಿ?"

"ಏನಿಲ್ಲ ಬೀಗ್ರೇ, ಸ್ವಲ್ಪ ಚುರುಕು ಮಾಡ್ದೆ ಅಷ್ಟೇ."

"ಮೊದ್ಲು ನಂಬರ್ ಎಷ್ಟಿತ್ತು?"

ಊರವರ ಕಣ್ಣಿನ ನಂಬರೆಲ್ಲ ಬಾಯಲ್ಲಿರುವ ನಮ್ಮ ಯಜಮಾನರು ಗೋಡೆ ನೋಡಿದರು. ಬದಲಾಯಿಸುವ ಮೊದಲು ನೋಡಿಕೊಂಡೇ ಇರಲಿಲ್ಲ. ಬೀಗರು ಎಂಜಿನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಊಟಕ್ಕೂ ನಿಲ್ಲದೆ ಮೆಟ್ಟಿಲಿಳಿದು ಹೋದರು. ನಾನು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

"ಬರೀ ಒಂದೆರಡು ನಂಬರ್ ಕಣೇ. ಅದಕ್ಕೆ ಇಷ್ಟೊಂದು ಕೋಪ ಯಾಕೆ?" ಅಂದರು ಇವರು.

ಮುಂದಿನ ಭಾನುವಾರ ಬೀಗರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆಮೇಲೆ ಮಗಳ ಫೋನು ಬಂತು.

"ಅಮ್ಮಾ, ಅಪ್ಪ ಏನು ಮಾಡಿದ್ರು? ಮಾವ ಊಟ ಅರ್ಧಕ್ಕೇ ಬಿಟ್ಟು ಏಳ್ತಾರೆ. ಭಾನುವಾರ ಬೆಳಿಗ್ಗೆ ಬಟ್ಟೆ ಹಾಕ್ಕೊಂಡು, ಶೂ ಕಟ್ಕೊಂಡು ಕೂರ್ತಾರೆ. ಆಮೇಲೆ ಬಿಚ್ಚಿಡ್ತಾರೆ. ನಂಗೆ ನೋಡಕ್ಕಾಗಲ್ಲಮ್ಮ."

"ಆ ಎಂಜಿನ್ನಿನ ನಂಬರ್ ಬದಲಾಯಿಸಿದ್ರು ಮಗಳೇ."

ಅವಳು ಹೇಳಿದಳು. "ಆ ನಂಬರ್ ಅತ್ತೆ ಇಟ್ಟಿದ್ದು ಅಮ್ಮಾ. ಹಿಂದಿನ ಗಾಡಿ ಮೇಲೆ ಬಾಟ್ಲಿ ಮುಚ್ಚಳದಲ್ಲಿ ನೀರು ತುಂಬಿಡೋರು. ಹೊರಡುವಾಗ ಒಂದು ಹನಿ ಚೆಲ್ಲಬಾರ್ದು, ಅಂಥ ನಂಬರ್ ಸಿಗೋವರ್ಗೂ ಬಿಡ್ಲಿಲ್ಲ. ಹಾಸಿಗೆ ಹಿಡಿದ ಮೇಲೂ ಅದು ಹೊರಡೋದನ್ನೇ ನೋಡ್ಕೊಂಡು ಮಲಗೋರು."

ಫೋನಿಟ್ಟು ನೇರ ಕೆಳಗಿಳಿದು ಅಂಗಡಿಗೆ ಹೋದೆ. ಗಿರಾಕಿ ಇದ್ದರೂ ಲೆಕ್ಕಿಸದೆ ಎಲ್ಲ ಹೇಳಿದೆ. ಇವರು ಕೈಲಿದ್ದ ಗಾಜನ್ನು ಒರೆಸಿದರು, ಮತ್ತೆ ಒರೆಸಿದರು. ಆ ಗಾಜಿನಲ್ಲಿ ಕೊಳೆಯೇ ಇರಲಿಲ್ಲ.

"ಹೋಗಿ ಕರ್ಕೊಂಡು ಬನ್ನಿ" ಅಂದೆ.

"ಏನಂತ ಹೇಳ್ಲಿ?"

"ತಪ್ಪಾಯ್ತು ಅನ್ನಿ. ಬಾಯಿ ಸವೆಯಲ್ಲ."

ಹೋದರು, ಇಂಗು ತಿಂದ ಮಂಗನ ಹಾಗೆ. ಅಲ್ಲಿ ನಡೆದದ್ದನ್ನು ಮಗಳು ಆಮೇಲೆ ನಕ್ಕು ನಕ್ಕು ಹೇಳಿದಳು. ತಪ್ಪಾಯ್ತು ಅನ್ನುವ ಬದಲು, "ಬೀಗ್ರೇ, ನಿಮ್ಮ ಕನ್ನಡಕದ ಸ್ಕ್ರೂ ಸಡಿಲ ಆಗಿರ್ಬೇಕು, ನೋಡೋಣ ಅಂತ ಬಂದೆ" ಅಂದರಂತೆ. ಬೀಗರು ನಿಧಾನಕ್ಕೆ ಕನ್ನಡಕ ತೆಗೆದು ಕೊಟ್ಟು, "ಸಡಿಲ ಆಗಿರೋದು ನನ್ನ ಕನ್ನಡಕದ್ದಲ್ಲ ಬೀಗ್ರೇ" ಅಂದರಂತೆ. ಆಗ ಇವರು ತಲೆ ತಗ್ಗಿಸಿ, "ಹೌದು, ನನ್ನ ತಲೇದೇ. ತಪ್ಪಾಯ್ತು. ಆ ನಂಬರ್ ನಾನೇ ಹುಡುಕಿ ಕೊಡ್ತೀನಿ, ಬನ್ನಿ" ಅಂದರಂತೆ.

ಭಾನುವಾರ ಬೀಗರು ಬಂದರು. ಪೆಟ್ಟಿಗೆ ಎದೆಗೊತ್ತಿಕೊಂಡಿದ್ದರು. "ನಂಬರ್ ಗೊತ್ತಿಲ್ಲದೆ ಹೇಗೆ ಹುಡುಕ್ತೀರಿ?" ಅಂದರು. ದನಿಯಲ್ಲಿ ನಂಬಿಕೆಯಿರಲಿಲ್ಲ.

ಇವರು ಅವರನ್ನು ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಅಂಗಡಿಯ ದನಿ ತೆಗೆದರು. "ಕನ್ನಡಕಕ್ಕೆ ಬರೋರಿಗೂ ನಂಬರ್ ಗೊತ್ತಿರಲ್ಲ ಬೀಗ್ರೇ. ಗಾಜು ಬದ್ಲಾಯಿಸಿ ಬದ್ಲಾಯಿಸಿ ಕೇಳ್ತೀವಿ. ನೀವು ಸುಮ್ನೆ ಉತ್ತರ ಹೇಳ್ತಾ ಹೋಗಿ."

ನಾನು ಬಾಟಲಿ ಮುಚ್ಚಳದಲ್ಲಿ ನೀರು ತುಂಬಿ ಹಿಂದಿನ ಚಾವಣಿಯಿಲ್ಲದ ಚಪ್ಪಟೆ ಗಾಡಿಯ ಮೇಲಿಟ್ಟೆ. ಇವರು ಒಂದು ನಂಬರ್ ಹಾಕಿ ಹಸಿರನ್ನು ಹೊರಡಿಸಿದರು. ನೀರು ತುಳುಕಿತು.

"ಇದು ಸರಿನಾ?"

"ಅಲ್ಲ."

"ಈಗ? ಇದು ಚೆನ್ನಾಗಿದ್ಯಾ, ಮೊದ್ಲಿಂದು ಚೆನ್ನಾಗಿತ್ತಾ?"

"ಇದೇ ವಾಸಿ. ಇನ್ನೂ ಮೆಲ್ಲಗೆ."

ಹೀಗೇ ನಡೆಯಿತು. ಎಷ್ಟು ಸಲ ಮುಚ್ಚಳ ತುಂಬಿದೆನೋ ನಾನರಿಯೆ. ನಾನೇ ಎರಡು ಸಲ "ಈಗ ಸರಿಹೋಯ್ತಲ್ಲ, ಹನಿ ಚೆಲ್ಲಲಿಲ್ಲ" ಅಂದೆ. ಬೀಗರು ಇಲ್ಲ ಅಂತ ತಲೆಯಾಡಿಸಿದರು. ನೀರಿಗೆ ಸಾಕಾಗಿತ್ತು, ಅವರಿಗೆ ಸಾಕಾಗಿರಲಿಲ್ಲ. ಆಮೇಲೆ ಕಣ್ಣೇ ಮುಚ್ಚಿಕೊಂಡು ಮೋಟಾರಿನ ಸದ್ದು ಕೇಳತೊಡಗಿದರು.

"ಕಣ್ಣು ಮುಚ್ಕೊಂಡು ಪರೀಕ್ಷೆ ಕೊಟ್ಟವ್ರು ನೀವೇ ಮೊದ್ಲು" ಅಂದರು ಇವರು. ಬೀಗರ ತುಟಿ ಸ್ವಲ್ಪ ಅಲುಗಿತು.

ಇನ್ನೊಂದು ನಂಬರ್. ಹಸಿರು ಹೊರಟಿದ್ದು ನನಗೆ ಗೊತ್ತೇ ಆಗಲಿಲ್ಲ. ನೋಡುನೋಡುತ್ತ ಅದು ಪುಟ್ಟ ಪ್ಲಾಟ್‌ಫಾರಂ ದಾಟಿತ್ತು. ಮುಚ್ಚಳದ ನೀರು ಕನ್ನಡಿಯ ಹಾಗೆ ನಿಂತಿತ್ತು.

"ಹಾಂ" ಅಂದರು ಬೀಗರು. ಕಣ್ಣು ತೆರೆಯಲಿಲ್ಲ. "ಇಲ್ಲೇ ಅವ್ಳು ಸಾಕು ಅಂದಿದ್ದು."

ಇವರು ಮೂಗು ಒರೆಸಿಕೊಂಡು, ಆ ನಂಬರನ್ನು ಮೂರು ಸಲ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಿದರು. ಆಮೇಲೆ ತಮ್ಮ ಕೆಂಪನ್ನು ಕೈಗೆತ್ತಿಕೊಂಡರು. ಏರಿನಲ್ಲಿ ತಾನೇ ಬಲ ಹೆಚ್ಚಿಸಿಕೊಳ್ಳುವ ಅದರ ಗುಣವನ್ನು ಆಫ್ ಮಾಡಿದರು. ಅದರ ಓಟ ತಗ್ಗಿಸಿದರು. ಎರಡನ್ನೂ ಜೋಡಿಸದೆ ಒಂದೇ ಹಳಿಯಲ್ಲಿ ಗೇಣು ದೂರದಲ್ಲಿ ಬಿಟ್ಟು ನೋಡಿದರು. ಅಂತರ ಕಡಿಮೆಯಾದರೆ ಮತ್ತೆ ತಗ್ಗಿಸಿದರು. ಹೊರಡುವಾಗ, ನಡುವಿನ ವೇಗದಲ್ಲಿ, ಪೂರ್ತಿ ವೇಗದಲ್ಲಿ, ಎಲ್ಲ ಕಡೆ ಆ ಗೇಣು ಗೇಣಾಗಿಯೇ ಉಳಿಯುವವರೆಗೆ ಬಿಡಲಿಲ್ಲ. ಮದುವೆಯಾದಾಗಿನಿಂದ ರಸ್ತೆಯಲ್ಲಿ ನನ್ನನ್ನು ಹಿಂದೆ ಬಿಟ್ಟು ದಾಪುಗಾಲು ಹಾಕುವ ಮನುಷ್ಯ! "ನನಗೂ ಹೀಗೆ ಒಂದು ಸಲ ಹೊಂದಿಸಿ ಕೊಡಿ" ಅಂದೆ. ಕೇಳಿಸಲಿಲ್ಲ ಅನ್ನೋ ಹಾಗೆ ನಟಿಸಿದರು.

ಇದ್ದಬದ್ದ ಡಬ್ಬಿಯೆಲ್ಲ ಸೇರಿಸಿ ರೈಲು ಕಟ್ಟಿದರು. ಯಾವುದು ಮುಂದೆ, ಯಾವುದು ಹಿಂದೆ ಅಂತ ಈ ಸಲ ಯಾರೂ ಕೇಳಲಿಲ್ಲ, ಕೈಗೆ ಸಿಕ್ಕಿದ್ದು ಮುಂದೆ ಹೋಯಿತು. ಕಟ್ಟಕಡೆಯ ಗಾಡಿಯ ಮೇಲೆ ನೀರಿನ ಮುಚ್ಚಳ. ರೈಲು ಮೆಲ್ಲಗೆ, ತುಂಬಾ ಮೆಲ್ಲಗೆ, ಕಿಟಕಿ ಪಕ್ಕದ ಏರು ಹತ್ತಿತು, ಗುಡ್ಡ ಸುತ್ತಿತು, ಇಳಿದು ಬಂತು. ಒಂದು ಹನಿ ಚೆಲ್ಲಲಿಲ್ಲ.

ಊಟಕ್ಕೆ ಕೂತಾಗ ನಾನು ಬೀಗರ ತಟ್ಟೆಯ ಮೇಲೇ ಕಣ್ಣಿಟ್ಟಿದ್ದೆ. ತಟ್ಟೆ ಖಾಲಿಯಾಯಿತು. "ಬೀಗಿತ್ತಿಯವ್ರೇ, ಇನ್ನೊಂಚೂರು ಹಾಕಿ" ಅಂದರು. ಇನ್ನೊಂಚೂರಲ್ಲ, ಒಂದು ಸೌಟು ತುಂಬ ಹಾಕಿದೆ.

ಹೊರಡುವ ಹೊತ್ತಾಯಿತು. ನಾನು ಕರವಸ್ತ್ರವನ್ನೂ ಪೆಟ್ಟಿಗೆಯನ್ನೂ ತಂದು ಕೊಟ್ಟೆ. ಬೀಗರು ಮೇಜಿನ ಬಳಿ ಹೋಗಿ, ಕೆಂಪಿಗೆ ಜೋಡಿಸಿದ್ದ ಹಸಿರು ಎಂಜಿನ್ನನ್ನು ನೋಡುತ್ತ ನಿಂತರು. ಕರವಸ್ತ್ರವನ್ನು ಮಡಿಸಿ ತಮ್ಮ ಜೇಬಿನಲ್ಲಿಟ್ಟುಕೊಂಡರು. ಖಾಲಿ ಪೆಟ್ಟಿಗೆಯನ್ನು ಮೇಜಿನ ಕೆಳಗೆ ತಳ್ಳಿದರು.

"ಇಲ್ಲೇ ಇರ್ಲಿ ಬಿಡಿ ಬೀಗ್ರೇ" ಅಂದರು. "ನಮ್ಮನೇಲಾದ್ರೆ ಅದು ಒಂದೇ ಇರುತ್ತೆ."

ಇವರು ಗೋಡೆ ನೋಡಿದರು. ನಾನು ಕೈಗೆ ಸಿಕ್ಕ ಬಟ್ಟೆಯಿಂದ ಕಣ್ಣು ಒರೆಸಿಕೊಂಡೆ. ಅದು ಹಳಿ ಒರೆಸುವ ಬಟ್ಟೆ ಅಂತ ಬೀಗರು ಮೆಟ್ಟಿಲಿಳಿದು ಹೋದ ಮೇಲೆ ಇವರು ಹೇಳಿದರು. ಮುಖದ ತುಂಬ ಮಸಿ ಮಾಡಿಕೊಂಡೇ ನಾನು ಬೀಗರನ್ನು ಕಳಿಸಿಕೊಟ್ಟಿದ್ದೆ.