ಸಾಯಬಣ್ಣನ ರಬ್ಬರ್ ಬೂಚು

ನಾಶಿಕ್‌ನ ಆಡಗಾಂವ್ ನಾಕಾದಲ್ಲಿ ಟ್ರೇಲರ್ ಬ್ರೇಕಿನ ಕೆಲಸಕ್ಕೆ ಸಾಯಬಣ್ಣನನ್ನು ಮೀರಿಸಿದವರಿಲ್ಲ. ಇದನ್ನು ಹೊಗಳಿಕೆಯೆಂದು ಹೇಳುತ್ತಿಲ್ಲ. ಅವನು ಅಷ್ಟು ಬಲ್ಲವನಾಗಿರದಿದ್ದರೆ ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಅಂಬರೀಶನ ಬಾಳೂ ಕೆಡುತ್ತಿರಲಿಲ್ಲ.

ಸಾಯಬಣ್ಣ ಸಿಂದಗಿ ಕಡೆಯವನು. ರಸ್ತೆ ಕೆಲಸಕ್ಕೆ ಕಲ್ಲು ಹೊರಲು ಬಂದವನು ಲಾರಿಗಳ ಕೆಳಗೆ ಮಲಗಿ ಮಲಗಿಯೇ ಈ ವಿದ್ಯೆ ಕಲಿತ. ನಾನು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ನಾಲ್ಕು ಮಾತು ಕನ್ನಡ ಆಡುವ ಆಸೆಗೆ ಸಂಜೆ ಅವನ ಗ್ಯಾರೇಜಿನಲ್ಲಿ ಕೂರುತ್ತೇನೆ. ಟ್ರೇಲರ್ ಬ್ರೇಕ್ ಹಿಡಿಯುತ್ತಿಲ್ಲವೆಂದು ಡ್ರೈವರ್ ಬಂದರೆ ಅವನು ಸ್ಪ್ಯಾನರ್ ಮುಟ್ಟುವುದಿಲ್ಲ. ಮೊದಲು ಎಳೆಯುವ ಮುಂದಿನ ಗಾಡಿಗೂ ಹಿಂದಿನ ಟ್ರೇಲರಿಗೂ ನಡುವಿನ ಗಾಳಿ ಪೈಪ್ ಬಿಚ್ಚಿ, ಕ್ಯಾಬಿನ್ನಿನಲ್ಲಿರುವ ಟ್ರೇಲರ್ ಬ್ರೇಕಿನ ಲಿವರ್ ಎಳೆಸುತ್ತಾನೆ. ಅಂಗೈಗೆ ಗಾಳಿ ರಪ್ಪನೆ ಬಡಿದರೆ ಮುಂದಿನ ಗಾಡಿ ಸರಿ, ರೋಗವಿರುವುದು ಹಿಂದಿನದರಲ್ಲಿ.

ಮಾಲು ತುಂಬಿದ ಟ್ರೇಲರಿನ ಅಡಿಯ ಗಾಳಿ ಪೈಪ್ ದಾರಿಯಲ್ಲಿ ಒಡೆದರೆ ಇಲ್ಲಿ ಒಂದು ಪದ್ಧತಿ ಇದೆ. ಗಾಳಿ ಸೋರದಂತೆ, ಮುಂದಿನಿಂದ ಗಾಳಿ ಬರುವ ಟ್ರೇಲರಿನ ಬಾಯಿಗೆ ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ ಬೂಚು ಜಡಿಯುತ್ತಾರೆ. ಆಮೇಲೆ ಟ್ರೇಲರಿಗೆ ಬ್ರೇಕಿಲ್ಲ. ಮುಂದಿನ ಗಾಡಿಯ ಬ್ರೇಕನ್ನೇ ನಂಬಿ ಮೆಲ್ಲಗೆ ಊರು ಮುಟ್ಟಬೇಕು, ಅಲ್ಲಿ ಪೈಪ್ ಬದಲಿಸಿ ಬೂಚು ತೆಗೆಸಬೇಕು. ಇದಕ್ಕೆ ಚೀಟಿಯಿಲ್ಲ, ಗುರುತಿಲ್ಲ. ಡ್ರೈವರನ ಕಿವಿಗೆ ಹಾಕಿದರೆ ಮುಗಿಯಿತು. ನಮ್ಮ ಕಾರ್ಖಾನೆಯಲ್ಲಿ ಹೀಗೆ ಮಾಡಿದರೆ ಮನೆಗೆ ಕಳಿಸುತ್ತಾರೆ ಎಂದು ಒಮ್ಮೆ ಹೇಳಿದ್ದೆ.

"ನಿಮ್ಮ ವಿಮಾನ ಶೆಡ್ಡಿನಾಗ ನಿಂತಿರ್ತಾವ್ರಿ ಸರ್. ನಮ್ಮ ಗಾಡಿ ನಿಂತ್ರ ಮಾಲಕ ಸುಮ್ನಿರಂಗಿಲ್ಲ" ಎಂದು ನಕ್ಕಿದ್ದ.

ದಸರೆ ಮುಗಿದ ವಾರ ಅವನು ಒಂದು ಟ್ರೇಲರಿಗೆ ಅಂಥದೊಂದು ಬೂಚು ಹಾಕಿ, ಡ್ರೈವರನಿಗೆ ಹೇಳಿ ಕಳಿಸಿದ. ಆ ಡ್ರೈವರ್ ಸಂಭಾಜಿನಗರದಲ್ಲಿ ಗಾಡಿ ನಿಲ್ಲಿಸಿ, ಛಠ್ ಪೂಜೆಗೆಂದು ಬಿಹಾರಕ್ಕೆ ಹೋದವನು ತಿರುಗಿ ಬರಲಿಲ್ಲ. ಅಲ್ಲಿ ಬೇರೊಬ್ಬ ಮಿಸ್ತ್ರಿ ಒಡೆದ ಪೈಪ್ ಬದಲಿಸಿದ. ಬಾಯಿಯೊಳಗೆ ಬೂಚಿದೆಯೆಂದು ಅವನಿಗೇನು ಗೊತ್ತು? ಮುಂದೆ ಆ ಗಾಡಿ ಹತ್ತಿದವನು ಅಂಬರೀಶ, ಸಾಯಬಣ್ಣನ ಊರಿನವನೇ, ಅವನನ್ನು ಕಾಕಾ ಎಂದು ಕರೆಯುವವನು. ಟ್ರೇಲರ್ ಬ್ರೇಕ್ ಹಿಡಿಯುತ್ತಿಲ್ಲ, ಒಂದು ದಿನ ನಾಶಿಕ್‌ಗೆ ಹೋಗಿ ಸಾಯಬಣ್ಣನಿಗೆ ತೋರಿಸಿಕೊಂಡು ಬರುತ್ತೇನೆ ಎಂದು ಮಾಲೀಕನನ್ನು ಮೂರು ಸಲ ಬೇಡಿದ. ಕುಣಿಯಲಾರದವಳಿಗೆ ಅಂಗಳ ಡೊಂಕು ಎಂದು ಮಾಲೀಕ ಹಂಗಿಸಿದ. ನಾಲ್ಕನೆಯ ದಿನ ದೌಲತಾಬಾದಿನ ಇಳಿಜಾರಿನಲ್ಲಿ ಟ್ರೇಲರ್ ಮುಂದಿನ ಗಾಡಿಯನ್ನೇ ತಳ್ಳಿಕೊಂಡು ಇಳಿದು, ರಸ್ತೆ ಬದಿ ಸೀತಾಫಲ ಮಾರುತ್ತಿದ್ದ ಹೆಂಗಸೊಬ್ಬಳನ್ನು ಕೊಂದಿತು.

ಪೊಲೀಸರು ಅಂಬರೀಶನನ್ನು ಹಿಡಿದರು. ಗಾಡಿ ತಪಾಸಣೆಗೆ ಬಂದ ಆರ್‌ಟಿಒ ಸಾಹೇಬನ ನೆರವಿಗೆ ಮಾಲೀಕ ಕರೆಸಿದ್ದು ಸಾಯಬಣ್ಣನನ್ನೇ. "ನಮ್ಮ ಕಾಕಾ ನೋಡ್ಲಿ. ಅವರು ಏನ್ ಹೇಳ್ತಾರ ಅದಕ್ಕ ನಾ ಒಪ್ಪತೀನಿ" ಎಂದನಂತೆ ಅಂಬರೀಶ ಠಾಣೆಯಲ್ಲಿ.

ಸಾಯಬಣ್ಣ ಪೈಪ್ ಬಿಚ್ಚಿ ಲಿವರ್ ಎಳೆಸಿದ. ಗಾಳಿ ಅಂಗೈಗೆ ಬಡಿಯಿತು. ಟ್ರೇಲರಿನ ಬಾಯಿಗೆ ಬೆರಳು ಹಾಕಿದಾಗ ಸಿಕ್ಕಿದ್ದು ಅಂಚಿಗೆ ತಂತಿ ಹೊಲಿದ ರಬ್ಬರ್. ತೆಗೆಯಲು ಸುಲಭವಾಗಲೆಂದು ಹಾಗೆ ತಂತಿ ಹೊಲಿಯುವವನು ಆ ಹೆದ್ದಾರಿಯಲ್ಲಿ ಅವನೊಬ್ಬನೇ. ಸಾಹೇಬ ಆಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಬೂಚು ಸಾಯಬಣ್ಣನ ಜೇಬು ಸೇರಿತು. ಪೈಪ್ ಜೋಡಿಸಿ ಮತ್ತೆ ಲಿವರ್ ಎಳೆಸಿದರೆ ಟ್ರೇಲರಿನ ಚಕ್ರಗಳೆಲ್ಲ ಬಿಗಿಯಾಗಿ ಕಚ್ಚಿಕೊಂಡವು. ಬ್ರೇಕಿನಲ್ಲಿ ದೋಷವಿಲ್ಲ ಎಂದು ಮರಾಠಿಯಲ್ಲಿ ಹೇಳಿದ. ಸಾಹೇಬ ಹಾಗೇ ಬರೆದುಕೊಂಡ.

ಮರುದಿನ ಇದನ್ನೆಲ್ಲ ಅವನೇ ನನಗೆ ಹೇಳಿ ಅತ್ತ. "ಖರೇ ಹೇಳಿದ್ರ ನನ್ನ ಒಳಗ ಹಾಕ್ತಿದ್ರು ಸರ್. ವಾರಕ್ಕ ಎರಡ ಸಲ ರೇಣವ್ವನ್ನ ಡಯಾಲಿಸಿಸ್‌ಗೆ ಯಾರು ಕರಕೊಂಡು ಹೋಗವ್ರು?" ರೇಣವ್ವ ಅವನ ಹೆಂಡತಿ, ಅವನನ್ನು ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಅದು ಸುಳ್ಳಲ್ಲ. ಆದರೂ ನನಗೆ ಮೈ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ, ಹೋಗಿ ನಿಜ ಹೇಳು ಎಂದು ಬೈದೆ. ಅವನು ಹೋಗಲಿಲ್ಲ. ನಾನೇ ಹೋಗಿ ಹೇಳಬಹುದಿತ್ತು. ಮುದಿ ವಯಸ್ಸಿಗೆ ಕೋರ್ಟು ಕಚೇರಿ ಯಾಕೆ ಎಂದುಕೊಂಡು ಸುಮ್ಮನಾದೆ. ಅವನ ಮೇಲೆ ಸಿಟ್ಟಾಗಲು ನನಗೆ ಹಕ್ಕಿಲ್ಲ, ಆದರೂ ಸಿಟ್ಟು ಹೋಗಿಲ್ಲ.

ಜಾಮೀನು ನಿಲ್ಲುವವರು ಸಿಗದೆ ಅಂಬರೀಶ ಎರಡು ತಿಂಗಳು ಒಳಗಿದ್ದ. ಹೊರಬಂದವನು ಮೊದಲು ಬಂದದ್ದು ಗ್ಯಾರೇಜಿಗೆ. ನಾನೂ ಇದ್ದೆ. ಅವನಿಗೆ ಎಲ್ಲ ಗೊತ್ತಾಗಿದೆಯೆಂದೇ ಅಂದುಕೊಂಡೆವು. ಸಾಯಬಣ್ಣ ಎದ್ದು ನಿಂತ. ಅಂಬರೀಶ ಬಗ್ಗಿ ಅವನ ಕಾಲು ಮುಟ್ಟಿದ.

"ಲಿವರ್ ಎಳದೀನಿ ಅಂತ ನನಗ ಖಾತ್ರಿ ಇತ್ರಿ ಕಾಕಾ. ನೀವು ನೋಡಿ ಬ್ರೇಕ್ ಸರಿ ಅದಾವ ಅಂದಿರಿ ಅಂತ ಗೊತ್ತಾದ ಮ್ಯಾಲೆ, ಬ್ರೇಕ್ ಹಿಡೀವಲ್ದು ಅಂತ ಮಾಲಕಗ ಹೇಳಿದ್ದೂ ನನ್ನ ಭ್ರಮಾ, ನಾನೇ ಎಳದಿಲ್ಲ ಅಂತ ತಿಳೀತು. ಆ ಹೆಣ್ಣಮಗಳನ್ನ ನಾನೇ ಕೊಂದೀನಿ. ಇನ್ನ ಸ್ಟೇರಿಂಗ್ ಮುಟ್ಟಂಗಿಲ್ಲ. ನಾಳಿಂದ ಬಿಲ್ಡಿಂಗ್ ಕೆಲಸಕ್ಕ ಹೊಂಟೀನಿ."

ಸಾಯಬಣ್ಣ ಅವನ ತಲೆಯ ಮೇಲೆ ಕೈಯಿಟ್ಟ.

"ಆಗ್ತಾವಪಾ ಇಂಥಾವು" ಎಂದ.