ಸೋಮಿ ಒಪ್ಪಿಕೊಂಡ ಬೆಂಕಿ

ಮೊನ್ನೆ ಬೆಳಗ್ಗೆ ದೋಸೆ ತಿನ್ನುತ್ತ ಕೂತಿದ್ದೆ. ಕಿಟಕಿಯಿಂದ ಹೊಗೆ ಬಂತು. ಹಿತ್ತಿಲಾಚೆಯ ಖಾಲಿ ಜಾಗದಲ್ಲಿ ಯಾರೋ ಒಣಹುಲ್ಲಿಗೆ ಬೆಂಕಿ ಕೊಟ್ಟಿದ್ದರು. ತರಗೆಲೆಯ ಹೊಗೆ ಬೇರೆ, ತೆಂಗಿನ ಸಿಪ್ಪೆಯ ಹೊಗೆ ಬೇರೆ. ಗುಡ್ಡದ ಹುಲ್ಲಿನ ಹೊಗೆಗೆ ಒಂದು ಒಗರು ಇರುತ್ತದೆ. ಮೂಗಿಗಿಂತ ಮೊದಲು ನಾಲಿಗೆಗೇ ಗೊತ್ತಾಗುತ್ತದೆ. ಅರ್ಧ ದೋಸೆ ಬಿಟ್ಟು ಎದ್ದೆ.

“ಎಂತ ಆತು ಅತ್ತೆ? ದೋಸೆ ಚೊಲೋ ಆಗ್ಲಿಲ್ವ?” ಎಂದಳು ಸೊಸೆ.

ದೋಸೆಗೆ ಎಂತದೂ ಆಗಿರಲಿಲ್ಲ. ಅವಳನ್ನು ಹತ್ತಿರ ಕೂರಿಸಿಕೊಂಡು, ಅರವತ್ತು ವರ್ಷ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ. ನಡುನಡುವೆ ದಾರಿ ತಪ್ಪಿದರೆ ಬೇಸರಪಡಬೇಡಿ. ಮಾಸ್ತರಿಕೆ ಮಾಡಿದವರಿಗೆ ಇದ್ದ ವಿಷಯ ಬಿಟ್ಟು ಇಲ್ಲದ್ದನ್ನು ವಿವರಿಸುವ ಚಟ ಹೋಗುವುದಿಲ್ಲ.

ಬೊಂಬಾಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕೈದು ವರ್ಷವಾಗಿತ್ತು. ಸರಕಾರ ಬದಲಾದರೂ ನಮ್ಮ ಬಾಯಿ ಬದಲಾಗಿರಲಿಲ್ಲ; ತಹಶೀಲ್ದಾರರು ಇನ್ನೂ ಮಾಮಲೇದಾರರೇ, ವಿಚಾರಣೆ ಇನ್ನೂ ಚೌಕಶಿಯೇ. ನನಗೆ ಆಗ ಇಪ್ಪತ್ತು. ಧಾರೇಶ್ವರದಿಂದ ಒಳಗೆ ಗುಡ್ಡದ ಬುಡದ ಒಂದು ಊರಿನ ಶಾಲೆಗೆ ನನ್ನನ್ನು ಹಾಕಿದ್ದರು. ಎರಡು ಕೋಣೆ, ಹೆಡ್‌ಮಾಸ್ತರರು ಒಬ್ಬರು, ನಾನೊಬ್ಬಳು. ಊರವರು ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ನನ್ನ ತಾಯಿಯ ವಯಸ್ಸಿನವರೂ ಹಾಗೆ ಕರೆಯುವಾಗ ಒಳಗೊಳಗೇ ಹಿಗ್ಗುತ್ತಿದ್ದೆ. ‘ಸದಾ ಸತ್ಯವನ್ನೇ ನುಡಿಯಬೇಕು’ ಎಂದು ಮಕ್ಕಳಿಂದ ದಿನಕ್ಕೆ ಒಂದು ಪುಟ ಕಾಪಿ ಬರೆಸುತ್ತಿದ್ದೆ. ಅಕ್ಷರ ಸೊಟ್ಟಗಾದರೆ ಕಿವಿ ಹಿಂಡುತ್ತಿದ್ದೆ.

ಶಾಲೆಯ ಹಿಂದೆ ಹಾಲಕ್ಕಿ ಒಕ್ಕಲಿಗರ ಕೇರಿ. ಎಲ್ಲ ಹುಲ್ಲುಮಾಡಿನ ಮನೆಗಳು. ಕೇರಿಯ ಮೇಲೆ ಬೇಣ, ಎಂದರೆ ಹುಲ್ಲು ಬೆಳೆಯುವ ಗುಡ್ಡ, ಅದು ಊರಿನದು. ಬೇಣದ ಮೇಲೆ ಕಾಡು, ಅದು ಜಂಗಲ್ ಖಾತೆಯದು. ನಡುವೆ ಒಂದು ಸಾಲು ಗಡಿಕಲ್ಲು. ಚಳಿಗಾಲ ಮುಗಿಯುತ್ತಿದ್ದ ಹಾಗೆ ಆ ಕಲ್ಲುಗಳ ಉದ್ದಕ್ಕೂ ನಾಲ್ಕು ಮಾರು ಅಗಲ ಹುಲ್ಲು ಸವರಿ, ತರಗೆಲೆ ಗುಡಿಸಿ, ಬರೇ ಮಣ್ಣು ಕಾಣುವ ಹಾಗೆ ಮಾಡುತ್ತಿದ್ದರು. ಬೆಂಕಿ ಬಂದರೆ ಅಲ್ಲಿ ತಿನ್ನಲು ಏನೂ ಸಿಗದೆ ನಿಲ್ಲುತ್ತಿತ್ತು. ಅದಕ್ಕೇ ಬೆಂಕಿಗೆರೆ ಎಂದು ಹೆಸರು.

ಆ ಕೆಲಸಕ್ಕೆ ಮುಂದಾಳು ಸೋಮಿ. ನಲವತ್ತರ ಆಸುಪಾಸಿನ ವಿಧವೆ. ಕುತ್ತಿಗೆ ಕಾಣದಷ್ಟು ಮಣಿಸರ, ಸೊಂಟದಲ್ಲಿ ಕತ್ತಿ. ಅವಳು ಹಾಡು ಎತ್ತಿದರೆ ಉಳಿದ ಹೆಂಗಸರು ಸೊಲ್ಲು ಹಿಡಿದು ಹುಲ್ಲು ಸವರುತ್ತ ಹೋಗುತ್ತಿದ್ದರು. ಮೊದಲ ವರ್ಷ ನಾನೂ ಒಂದು ರವಿವಾರ ಹುಮ್ಮಸ್ಸಿನಿಂದ ಹೋಗಿ, ಹತ್ತೇ ನಿಮಿಷದಲ್ಲಿ ಬೆರಳು ಕೊಯ್ದುಕೊಂಡು ಬಂದೆ. “ಅಕ್ಕೋರೆ, ನಿಮ್ಗೆ ಸೀಸದಕಡ್ಡಿಯೇ ಸಾಕು” ಎಂದು ಸೋಮಿ ಬೆರಳಿಗೆ ಸೊಪ್ಪು ಅರೆದು ಕಟ್ಟಿದ್ದಳು.

ಎರಡನೆಯ ವರ್ಷ ಗೆರೆ ಬೀಳಲೇ ಇಲ್ಲ. ಜಂಗಲ್ ಖಾತೆಯ ಹಳೆಯ ಗಾರ್ಡನಿಗೆ ವರ್ಗವಾಗಿ ಹೊಸಬ ಬಂದಿದ್ದ. ಕಲ್ಲಿನಾಚೆ ಕತ್ತಿ ಹಾಕಿದರೆ ಕೇಸು ಎಂದ. ಹಾಗಾದರೆ ನೀವೇ ಸವರಿಸಿ ಎಂದರೆ, ಬೆಂಕಿ ಬರುವುದು ಊರಿನ ಬೇಣದಿಂದ, ಗೆರೆಯೂ ಊರಿನದೇ ಜವಾಬ್ದಾರಿ ಎಂದ. ಪಂಚಾಯತಿಯ ಚೇರಮನ್ನರು, ಬ್ರಿಟಿಷರ ಕಾಲದಿಂದಲೂ ಗೆರೆ ಜಂಗಲ್ ಖಾತೆಯದು, ನಾವ್ಯಾಕೆ ಮಾಡುವಾ ಎಂದರು. ಎರಡು ಕಚೇರಿಗಳ ನಡುವೆ ಕಾಗದ ಓಡಾಡಿತು. ಚಾದಂಗಡಿಯಲ್ಲಿ ಊರು ಎರಡು ಪಕ್ಷವಾಯಿತು. ಅಷ್ಟರಲ್ಲಿ ಶಿವರಾತ್ರಿ ಕಳೆದು ಹುಲ್ಲು ಮೊಣಕಾಲು ಮಟ್ಟ ಒಣಗಿ ನಿಂತಿತು.

ಹೋಳಿ ಮುಗಿದ ವಾರ, ಒಂದು ಮಧ್ಯಾಹ್ನ. ಹೆಡ್‌ಮಾಸ್ತರರು ಕುಮಟೆಗೆ ಹೋಗಿದ್ದರು. ಮಕ್ಕಳು ಊಟಕ್ಕೆ ಹೋಗಿದ್ದವು. ಸೋಮಿ ಬಂದು ಬಾಗಿಲಲ್ಲಿ ನಿಂತಳು.

“ಅಕ್ಕೋರೆ, ಒಂದು ಅರ್ಜಿ ಬರ್ದು ಕೊಡಿ.”

“ಎಂತ ಬರೀಲಿ?”

“ಗೆರೆ ನಾವೇ ಸವರ್ತ್ವು, ಕೂಲಿ ಬೇಡ, ಕೇಸು ಹಾಕ್ಬೇಡಿ ಅಂತ. ಅಷ್ಟೇಯ.”

ಅಷ್ಟನ್ನೇ ಬರೆದಿದ್ದರೆ ಐದು ನಿಮಿಷದ ಕೆಲಸ. ನನಗೆ ನನ್ನ ಅಕ್ಷರದ ಮೇಲೆ, ಭಾಷೆಯ ಮೇಲೆ ಅಭಿಮಾನ. ತಾರೀಖು ಹಾಕಿ, ‘ಮೆಹರಬಾನ್ ಸಾಹೇಬರ ಸೇವೆಗೆ’ ಎಂದು ಶುರುಮಾಡಿ, ಒಂದು ಹಾಳೆ ಚಿತ್ತಾಯಿತೆಂದು ಇನ್ನೊಂದು ತೆಗೆದೆ. ಸೋಮಿ ಹೊರಗೆ ನೋಡುತ್ತ, “ಆತಾ ಅಕ್ಕೋರೆ? ದನ ಬಿಸಿಲಾಗೆ ಕಟ್ಟಿಕ್ಕಿ ಬಂದೆ” ಎಂದಳು. ಆಯಿತು ಆಯಿತು ಎಂದು ಕೂರಿಸಿದೆ. ಮೂರನೆಯ ಸಾಲಿಗೆ ಬಂದಿದ್ದೆ. ಸೋಮಿ ಮುಖ ಮೇಲೆತ್ತಿದಳು.

“ಹೊಗಿ” ಎಂದಳು.

ನನಗೆ ಏನೂ ಕಾಣಿಸಲಿಲ್ಲ. ಅವಳು ಆಗಲೇ ಓಡುತ್ತಿದ್ದಳು. ನಾನು ಹಾಳೆಯನ್ನು ಮೇಜಿನ ಖಾನೆಗೆ ಹಾಕಿ ಹೊರಗೆ ಬರುವಷ್ಟರಲ್ಲಿ ಬೇಣದ ನೆತ್ತಿ, ಗಡಿಕಲ್ಲಿನ ಸಾಲಿನಲ್ಲೇ, ಹೊತ್ತಿತ್ತು. ಬೆಂಕಿ ಮೇಲಕ್ಕೆ ಏರುತ್ತದೆ ಎಂದು ಪಾಠದಲ್ಲಿ ಹೇಳಿಕೊಟ್ಟವಳು ನಾನು. ಅವತ್ತು ಅದು ಗಾಳಿಯ ಜೊತೆ ಕೆಳಗೆ ಇಳಿಯಿತು, ಗದ್ದೆಗೆ ನೀರು ಬಿಟ್ಟ ಹಾಗೆ. ಬಿದಿರುಮೆಳೆ ಜಾತ್ರೆಯ ಗರ್ನಾಲಿನಂತೆ ಸಿಡಿಯಿತು. ಹೆಂಗಸರು ಹಸಿಸೊಪ್ಪಿನಿಂದ ಬಡಿದರು, ಗಂಡಸರು ಬಾವಿಯಿಂದ ಕೊಡ ಕೊಡ ನೀರು ತಂದರು. ನಾನು ಏನು ಮಾಡಿದೆ ಎಂದು ಕೇಳಬೇಡಿ. ಶಾಲೆಯ ಗಂಟೆ ಹಿಡಿದು ಬಾರಿಸುತ್ತ ನಿಂತಿದ್ದೆ, ಎಲ್ಲರೂ ಬಂದಾದ ಮೇಲೂ.

ಐದು ಮನೆ ಸುಟ್ಟವು. ಮನುಷ್ಯರು ಯಾರೂ ಸಾಯಲಿಲ್ಲ. ಮೊದಲನೆಯ ಮನೆ ಸೋಮಿಯದು. ಅಂಗಳದ ಗೂಟದಲ್ಲಿ ಅವಳ ದನ ಬಿದ್ದಿತ್ತು. ಅದನ್ನು ನಾನು ವರ್ಣಿಸುವುದಿಲ್ಲ. ಸೋಮಿ ಅಳಲಿಲ್ಲ. “ಕಣ್ಣಿ ಬಿಗಿಯಾಗಿ ಕಟ್ಟಿದ್ದೆ” ಎಂದು ಎರಡು ಸಲ ಹೇಳಿದಳು. ಎರಡನೆಯ ಹಾಳೆ ತೆಗೆಯದೇ ಇದ್ದಿದ್ದರೆ ಅವಳು ಮನೆ ಮುಟ್ಟಿರುತ್ತಿದ್ದಳು ಎಂದು ನನಗೆ ಅಲ್ಲೇ ಹೊಳೆಯಿತು.

ನಾಲ್ಕನೆಯ ದಿನ ಶಾಲೆಯಲ್ಲೇ ಚೌಕಶಿ. ಅರಣ್ಯದ ಸಾಹೇಬರು ನನ್ನ ಮೇಜಿನ ಮುಂದೆ ಕೂತರು. ಅವರ ಮೊಣಕೈ ಕೆಳಗಿನ ಖಾನೆಯಲ್ಲಿ ಆ ಅರ್ಧ ಅರ್ಜಿ ಇತ್ತು, ತಾರೀಖಿನ ಸಮೇತ. “ಸರಕಾರಿ ವಿಷಯ. ನಿಮ್ಮ ನೌಕರಿ ಇನ್ನೂ ಖಾಯಂ ಆಗಲಿಲ್ಲ, ಬಾಯಿ ಹಾಕ್ಬೇಡಿ” ಎಂದು ಹೆಡ್‌ಮಾಸ್ತರರು ನನಗೆ ಮೊದಲೇ ಹೇಳಿದ್ದರು.

ಗಾರ್ಡ ಊರಿನ ಕಡೆ ಬೆರಳು ತೋರಿಸಿದ. ಚೇರಮನ್ನರು ಜಂಗಲ್ ಖಾತೆಯ ಕಡೆ ತೋರಿಸಿದರು. ಆಮೇಲೆ ಊರವರೇ ಊರವರ ಕಡೆ: ಬೀಡಿ ಸೇದಿದವರು ಯಾರು, ಇದ್ದಲು ಸುಟ್ಟವರು ಯಾರು, ಹೊಸ ಹುಲ್ಲು ಚಿಗುರಲೆಂದು ಕಡ್ಡಿ ಗೀರುವ ಅಭ್ಯಾಸ ಯಾವ ಮನೆಗೆ. ಮೂರು ದಿನದ ಹಿಂದೆ ಒಟ್ಟಿಗೆ ನೀರು ಹೊತ್ತವರು ಈಗ ಅಂಗಿ ಹಿಡಿಯುವಷ್ಟಕ್ಕೆ ಬಂದರು. ಸಾಹೇಬರು ಮೇಜು ಕುಟ್ಟಿದರು.

“ಹಾಕಿದವರು ಯಾರು ಅಂತ ಗೊತ್ತಾಗುವವರೆಗೆ ಈ ಊರಿಗೆ ಸೊಪ್ಪೂ ಇಲ್ಲ, ಹುಲ್ಲೂ ಇಲ್ಲ. ಒಬ್ಬರೂ ಗುಡ್ಡ ಹತ್ತಬಾರದು.”

ಸೊಪ್ಪಿಲ್ಲದೆ ಗದ್ದೆಗೆ ಗೊಬ್ಬರವಿಲ್ಲ, ಹುಲ್ಲಿಲ್ಲದೆ ಮಳೆಗಾಲಕ್ಕೆ ಮನೆಗೆ ಮಾಡು ಇಲ್ಲ. ಆಗ ಹಿಂದಿನ ಗೋಡೆಗೆ ಒರಗಿ ಕೂತಿದ್ದ ಸೋಮಿ ಎದ್ದಳು.

“ನಾನೇ ಹಾಕ್ದೆ ಒಡೆಯಾ.”

ಗಾರ್ಡನೇ ಬಾಯಿ ತೆರೆದು ನಿಂತ. ಸಾಹೇಬರು, “ನಿನ್ನ ಮನೆಯೇ ಸುಟ್ಟಿದೆಯಲ್ಲ?” ಎಂದರು.

“ಹೌದು. ಹುಲ್ಲು ಚಿಗುರ್ಲಿ ಅಂತ ಹಾಕ್ದೆ. ಗಾಳಿ ತಿರುಗ್ತು.”

ಅವಳು ಒಂದೇ ಸಲ ನನ್ನ ಕಡೆ ನೋಡಿದಳು. ಆ ಹೊತ್ತಿಗೆ ಅವಳು ಎಲ್ಲಿದ್ದಳು ಎಂದು ಗೊತ್ತಿದ್ದವಳು ಇಡೀ ಸಭೆಯಲ್ಲಿ ನಾನೊಬ್ಬಳೇ. ನಾಲ್ಕು ಹೆಜ್ಜೆ ನಡೆದು ಖಾನೆ ಎಳೆದರೆ ಸಾಕಿತ್ತು. ನಾನು ಏಳಲಿಲ್ಲ. ಕಿವಿಯಲ್ಲಿ ‘ಖಾಯಂ ಆಗಲಿಲ್ಲ’ ಎಂಬ ಮಾತು ಮಾತ್ರ ಇತ್ತು. ಅವಳ ಹೆಬ್ಬೆಟ್ಟನ್ನು ನನ್ನದೇ ಶಾಯಿಯಲ್ಲಿ ಅದ್ದಿ ಕಾಗದಕ್ಕೆ ಒತ್ತಿಸಿದರು.

ಎರಡು ತಿಂಗಳು ಸಜೆಯಾಯಿತು. ಊರಿಗೆ ಸೊಪ್ಪು, ಹುಲ್ಲು ಸಿಕ್ಕಿತು. ಗೆರೆ ಸವರಬೇಕಾದವರು ಯಾರು ಎಂಬ ಪ್ರಶ್ನೆ ಅಲ್ಲಿಗೇ ಬಿದ್ದುಹೋಯಿತು. ಬೆಂಕಿ ಹಾಕಿದವಳು ಸಿಕ್ಕಿದ ಮೇಲೆ ಅದನ್ನು ಯಾರು ಕೇಳುತ್ತಾರೆ? ಅವಳು ಜೈಲಿಗೆ ಹೋಗುವಾಗ ಕೇರಿಯ ಕೆಲವರು ಉಗಿದರಂತೆ. ನಾನು ಅರ್ಜಿಯನ್ನು ಒಲೆಗೆ ಹಾಕಿದೆ. ಮೇ ತಿಂಗಳಲ್ಲಿ ಶಾಲಾ ಖಾತೆಯ ಸಾಹೇಬರಿಗೆ ಕೈಮುಗಿದು ಭಟ್ಕಳದ ಕಡೆಗೆ, ಮಾವಳ್ಳಿಗೆ ವರ್ಗ ಮಾಡಿಸಿಕೊಂಡೆ. ಸೋಮಿ ಬಿಡುಗಡೆಯಾಗಿ ಬರುವ ಮೊದಲೇ ಹೊರಟುಬಿಟ್ಟೆ. ಆಮೇಲೆ ಎಷ್ಟೋ ವರ್ಷ ಮಕ್ಕಳಿಗೆ ಆ ಕಾಪಿಯ ಸಾಲು ಬರೆಸಲು ಮಾತ್ರ ನನ್ನಿಂದ ಆಗಲಿಲ್ಲ.

ಇಷ್ಟು ಕೇಳಿ ಸೊಸೆ, “ಹಾಗಾದ್ರೆ ಬೆಂಕಿ ಹಾಕಿದ್ದು ಯಾರು?” ಎಂದಳು. ನಾನು ಬೆಚ್ಚಿದೆ. ಇಷ್ಟು ವರ್ಷ ನನ್ನ ಅಪರಾಧವನ್ನೇ ಮೆಲುಕು ಹಾಕುತ್ತ ಕೂತವಳಿಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಗೊತ್ತಿಲ್ಲ ಎಂದೆ. ಆ ಕೇರಿಗೇ ಹೋಗಿ ಬರುವಾ ಎಂದು ಅವಳು ರಿಕ್ಷಾಕ್ಕೆ ಫೋನು ಮಾಡಿದಳು.

ಕೇರಿ ಗುರುತು ಸಿಗಲಿಲ್ಲ. ಎಲ್ಲ ಹೆಂಚಿನ ಮನೆ, ಸ್ಲ್ಯಾಬಿನ ಮನೆ. ಸೋಮಿ ಸತ್ತು ಬಹಳ ವರ್ಷವಾಗಿತ್ತು. ಅವಳ ಮಗಳು ನಾಗಿ ಜಗಲಿಯಲ್ಲಿ ಕೂತಿದ್ದಳು, ಅವಳೂ ಈಗ ಮುದುಕಿ. ಹೆಸರು ಹೇಳಿದೆ, ಗುರುತು ಹಿಡಿದಳು. ಸುತ್ತುಬಳಸದೆ, “ನಿನ್ನ ತಾಯಿ ಬೆಂಕಿ ಹಾಕಲಿಲ್ಲ. ಆಗ ನನ್ನ ಎದುರಿಗೆ ಕೂತಿದ್ದಳು. ನಾನು ಹೇಳಲಿಲ್ಲ” ಎಂದೆ.

“ನಮ್ಮನೇಲಿ ಎಲ್ರಿಗೂ ಗೊತ್ತಿತ್ತು” ಎಂದಳು ನಾಗಿ. “ಅವ್ವಿ ಸಾಯೂ ತನಕ ಹೇಳ್ತಿತ್ತು. ಎಲ್ಲಿ ಅಕ್ಕೋರು ನಿಜ ಹೇಳಿ ಎಲ್ಲ ಹಾಳು ಮಾಡ್ತ್ರೋ ಅಂತ ಹೆದ್ರಿ ನಿಮ್ಮ ಮೋರೆ ನೋಡ್ತಂತೆ. ಅಕ್ಕೋರು ದೊಡ್ಡವ್ರು, ಊರಿಗಾಗಿ ಬಾಯಿ ಕಟ್ಕಂಡ್ರು ಅಂತಿತ್ತು.”

ಆ ನೋಟವನ್ನು ನಾನು ಅರವತ್ತು ವರ್ಷ ಬೇರೆಯೇ ಓದಿಕೊಂಡಿದ್ದೆ. ಸುಮ್ಮನಿದ್ದುಬಿಡಬಹುದಿತ್ತು.

“ಊರಿಗಾಗಿ ಅಲ್ಲ ನಾಗಿ. ನೌಕರಿ ಹೋಗ್ತದೆ ಅಂತ ಹೆದರಿ ಸುಮ್ಮನಿದ್ದೆ.”

ನಾಗಿ ಒಳಗೆ ತಿರುಗಿ ಚಾ ತರಲು ಹೇಳಿದಳು.

“ಅದು ಅವ್ವಿಗೆ ಗೊತ್ತಿರ್ಲಿಲ್ಲ ಅಕ್ಕೋರೆ” ಎಂದಳು.

ಒಳಗಿನಿಂದ ಚಾ ಬಂತು. ಎತ್ತಿಕೊಂಡೆ. ಲೋಟ ತುಂಬಿತ್ತು, ಚಾ ಸೀರೆಯ ಮೇಲೆ ಚೆಲ್ಲಿತು. ನಾಗಿ ಎದ್ದು ಬಂದು, ತನ್ನ ಸೆರಗಿನಿಂದಲೇ ಒರೆಸಿದಳು.